ಎಕ್ಸ್ ಕಂಡರೆ ಹೆದರುವವರಿಗೆ ಹೆಬ್ಬೆರಳಿನ ಉಪಾಯ

ಬೀಜಗಣಿತದ ಅಕ್ಷರ ಕಂಡು ಕೈಕಾಲು ಬಿಡುವ ಮಕ್ಕಳಿಗೆ (ದೊಡ್ಡವರಿಗೂ) ಒಂದು ಉಪಾಯ: ಅಕ್ಷರವಿರುವ ಭಾಗವನ್ನು ಹೆಬ್ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿ. 3ಎಕ್ಸ್ + 20 = 140 ಎಂದಿದ್ದರೆ ಮೊದಲು 3ಎಕ್ಸ್ ಮುಚ್ಚಿ. ಎಷ್ಟಕ್ಕೆ 20 ಕೂಡಿಸಿದರೆ 140? 120ಕ್ಕೆ. ಈಗ ಎಕ್ಸ್ ಮಾತ್ರ ಮುಚ್ಚಿ. ಮೂರು ಎಷ್ಟಲೆ 120? 40. ಅಕ್ಷರವೆಂದರೆ ಇನ್ನೂ ಗೊತ್ತಾಗದ ಸಂಖ್ಯೆ ಅಷ್ಟೇ. ಬೆರಳು ಅದನ್ನು ಪ್ರಶ್ನೆಯಾಗಿಸುತ್ತದೆ. ನಮ್ಮ ವಿಜಯಪುರದ ಮಾರುಕಟ್ಟೆಯಲ್ಲಿ 3 ಕಿಲೋ ದ್ರಾಕ್ಷಿ, 20 ರೂಪಾಯಿಯ ಕೈಚೀಲ, ಒಟ್ಟು 140 ಕೊಟ್ಟಿರಿ ಎಂದುಕೊಳ್ಳಿ. ಇಲ್ಲಿ ಎಕ್ಸ್ ಎಂದರೆ ದ್ರಾಕ್ಷಿಯಲ್ಲ, ಕಿಲೋ ದ್ರಾಕ್ಷಿಯ ದರ. ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ. ಇನ್ನೊಂದು ಗುಂಡಿ: ಎಕ್ಸ್ 4 ಆದರೆ 3ಎಕ್ಸ್ ಎಂದರೆ 34 ಅಲ್ಲ, ಮೂರು ನಾಲ್ಕಲೆ ಹನ್ನೆರಡು. ಎರಡೂ ಬದಿಯಲ್ಲಿ ಅಕ್ಷರವಿದ್ದರೆ, ಅಂದರೆ 5ಎಕ್ಸ್ + 2 = 3ಎಕ್ಸ್ + 10 ಎಂಬಂಥದ್ದಕ್ಕೆ, ಬೆರಳು ಸಾಲದು. ಆಗ ತಕ್ಕಡಿ ನೆನೆಯಿರಿ: ಎರಡೂ ತಟ್ಟೆಯಿಂದ 3ಎಕ್ಸ್ ಇಳಿಸಿದರೆ 2ಎಕ್ಸ್ + 2 = 10 ಉಳಿಯುತ್ತದೆ. ಮತ್ತೆ ಹೆಬ್ಬೆರಳು ಇಡಿ.