ಚಳಿಗಾಲದ ಮಂಕಿಗೆ ಮುಂಜಾನೆಯ ಬಿಸಿಲು

ವಿಜಯಪುರದಲ್ಲಿ ಡಿಸೆಂಬರ್ ಕೊನೆಗೆ ಹಗಲು ಸುಮಾರು 11 ಗಂಟೆಗೆ ಇಳಿಯುತ್ತದೆ. ಜೂನ್‌ನಲ್ಲಿ ಅದು 13 ಗಂಟೆ ದಾಟಿರುತ್ತದೆ. ಉತ್ತರ ಯುರೋಪಿನ ದೀರ್ಘ ಕತ್ತಲೆಯ ಮುಂದೆ ಈ ವ್ಯತ್ಯಾಸ ಸಣ್ಣದೇ. ಆದರೆ ಥಂಡಿ ಬಿದ್ದೊಡನೆ ಕಿಟಕಿ ಬಾಗಿಲು ಮುಚ್ಚಿ, ಎಂಟರವರೆಗೂ ಕೌದಿ ಹೊದ್ದು ಮಲಗಿ, ಎದ್ದವರೇ ಕಚೇರಿಗೋ ಅಂಗಡಿಗೋ ಹೋಗಿ ಕೂರುವವರಿಗೆ ಬಯಲ ಬೆಳಕು ದಕ್ಕುವುದೇ ಅಪರೂಪ. ಜಡತೆ, ಅತಿನಿದ್ರೆ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಕಾಣಿಸಿಕೊಂಡಾಗ ಮೊದಲು ತಿದ್ದಿಕೊಳ್ಳಬೇಕಾದದ್ದು ಬೆಳಗಿನ ಹೊತ್ತನ್ನು.

ಏಳುವ ಸಮಯವನ್ನು ರವಿವಾರವೂ ಬದಲಿಸಬೇಡಿ. ಈ ದಿನಗಳಲ್ಲಿ ಸೂರ್ಯ ಮೂಡುವುದು ಏಳರ ಸುಮಾರಿಗೆ. ಆದ್ದರಿಂದ ನಸುಕಿನ ಐದಕ್ಕೇ ವಾಕಿಂಗ್ ಹೋಗಿ ಕತ್ತಲಲ್ಲೇ ಮರಳುವುದಕ್ಕಿಂತ, ಬಿಸಿಲೇರಿದ ಮೇಲೆ ಗೋಳಗುಮ್ಮಟದ ಸುತ್ತಲೋ ಭೂತನಾಳ ಕೆರೆಯ ಕಡೆಗೋ ಅರ್ಧ ಗಂಟೆ ನಡೆಯುವುದು ಹೆಚ್ಚು ಫಲಕಾರಿ. ಕಣ್ಣಿಗೆ ಬೀಳುವ ಬೆಳಗಿನ ಬೆಳಕು ಮೆದುಳಿನ ಗಡಿಯಾರವನ್ನು ಸರಿಹೊಂದಿಸಿ, ರಾತ್ರಿಯ ಸಂಕೇತವಾದ ಮೆಲಟೋನಿನ್ ಹಾರ್ಮೋನಿನ ಸ್ರಾವವನ್ನು ತಗ್ಗಿಸುತ್ತದೆ. ಮನೆಯ ದೀಪಗಳು ಕೊಡುವುದು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ಮಾತ್ರ, ಹೊರಗೆ ಹೊತ್ತೇರಿದಂತೆ ಅದು ಹತ್ತು ಸಾವಿರವನ್ನು ಮೀರುತ್ತದೆ. ಶೀತ ದೇಶಗಳಲ್ಲಿ ಇಂಥ ಮಂಕಿನ ಚಿಕಿತ್ಸೆಗೆ ಬಳಸುವ 10,000 ಲಕ್ಸ್‌ನ ದೀಪವನ್ನು ಇಲ್ಲಿಗೆ ತರಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ದಂಡದ ಖರ್ಚು. ಸೂರ್ಯನನ್ನು ನೇರವಾಗಿ ದಿಟ್ಟಿಸಬಾರದು ಎಂಬುದಷ್ಟೇ ಎಚ್ಚರಿಕೆ. ಹೃದ್ರೋಗ, ಉಬ್ಬಸ ಇರುವವರು ಚಳಿ ಮುರಿದ ಮೇಲೆ ಹೊರಡಲಿ.

ಉತ್ಸಾಹ ಬಂದ ಮೇಲೆ ಹೊರಡುತ್ತೇನೆ ಎಂದು ಕಾಯುವುದೇ ಮಂಕನ್ನು ಬೆಳೆಸುತ್ತದೆ, ಏಕೆಂದರೆ ಉತ್ಸಾಹ ಹೆಚ್ಚಾಗಿ ಕೆಲಸದ ಹಿಂದೆ ಬರುತ್ತದೆ. ಹಿಂದಿನ ರಾತ್ರಿಯೇ ಓಣಿಯ ಒಬ್ಬರಿಗೆ ಮಾತು ಕೊಟ್ಟುಬಿಟ್ಟರೆ ಬೆಳಿಗ್ಗೆ ತಪ್ಪಿಸಿಕೊಳ್ಳುವುದು ಕಷ್ಟ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು (ಬೆಳೆಗೆ ನೈವೇದ್ಯ ಅರ್ಪಿಸಲು) ಯಾರಾದರೂ ಹೊಲಕ್ಕೆ ಕರೆದರೆ ನೆಪ ಹೇಳದೆ ಹೋಗಿ: ಬಿಸಿಲು, ನಡಿಗೆ, ಸಜ್ಜೆ ರೊಟ್ಟಿಯ ಊಟ, ನಾಲ್ಕು ಜನರ ಮಾತು ಒಂದೇ ದಿನ ಸಿಗುತ್ತವೆ. ಸಂಜೆಯ ನಂತರ ಚಹಾ ಬೇಡ. ಥಂಡಿಯ ನೆಪದಲ್ಲಿ ಕುಡಿಯುವ ಮದ್ಯವಂತೂ ನಿದ್ರೆಯನ್ನೂ ಮನಸ್ಸನ್ನೂ ಕೆಡಿಸುತ್ತದೆ.

ಎಲ್ಲ ದಣಿವಿಗೂ ಚಳಿಯೇ ಕಾರಣವಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆ ಇದೇ ಲಕ್ಷಣಗಳನ್ನು ತೋರುವುದರಿಂದ ರಕ್ತ ಪರೀಕ್ಷೆ ಮಾಡಿಸಿ. ಎರಡು ವಾರ ಕಳೆದರೂ ಬೇಸರ ಇಳಿಯದೆ ದಿನದ ಕೆಲಸಕ್ಕೆ ಅಡ್ಡಿಯಾದರೆ ವೈದ್ಯರನ್ನು ಕಾಣಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಬಿಸಿಲನ್ನು ನಂಬಿ ಅದನ್ನು ನಿಲ್ಲಿಸಬಾರದು. ಸಾಯುವ ಯೋಚನೆ ಸುಳಿದರಂತೂ ಒಂದು ದಿನವೂ ತಡಮಾಡದೆ ಮನೆಯವರಿಗೆ ತಿಳಿಸಿ, ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೂ ಮಾತನಾಡುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.