ಪಿಎಸ್‌ಪಿಗೆ 128 ಜಿಬಿ: ಆಗುದಿಲ್ಲ ಅಂದವರಿಗೆ ನನ್ನ ಅನುಭವ

ಪಿಎಸ್‌ಪಿ ಅಂದರೆ ಸೋನಿಯ ಹಳೇ ಕೈಗೇಮ್ ಯಂತ್ರ. ನನ್ನ ಪಿಎಸ್‌ಪಿ 3000ದಲ್ಲಿ ಈಗ ಅಡಾಪ್ಟರ್ ಮೂಲಕ 128 ಜಿಬಿ ಮೈಕ್ರೋ ಎಸ್‌ಡಿ ಕಾರ್ಡ್ ಓಡುತ್ತಿದೆ. ಹಾಕಿ ವರ್ಷ ದಾಟಿತು. ಮಧ್ಯದಲ್ಲಿ ಒಂದು ಇಡೀ ಮಳೆಗಾಲ ಹೋಗಿದೆ, ಅದೂ ಸುರತ್ಕಲ್‌ನ ಮಳೆಗಾಲ, ಕಿಟಕಿ ತೆರೆದರೆ ಉಪ್ಪುಗಾಳಿ ಒಳಗೆ ಬರುವ ಮನೆಯಲ್ಲಿ. ಒಂದೇ ಒಂದು ಸೇವ್ ಫೈಲ್ ಹಾಳಾಗಿಲ್ಲ. "32 ಜಿಬಿಯ ಮೇಲೆ ಅದು ಹೋಗುದಿಲ್ಲ ಮಾರಾಯ, ಸುಮ್ನೆ ದುಡ್ಡು ಹಾಕ್ಬೇಡ" ಅಂತ ಹೇಳಿದವರು ಒಬ್ಬಿಬ್ಬರಲ್ಲ. ಮಂಗಳೂರು ಹಂಪನಕಟ್ಟೆಯ ರಿಪೇರಿ ಅಂಗಡಿಯವರು ಹೇಳಿದರು, ಜೊತೆಗೆ ಕೆಲಸ ಮಾಡುವವರು ಹೇಳಿದರು, ಈ ಪಿಎಸ್‌ಪಿಯನ್ನು ಮಸ್ಕತ್‌ನಿಂದ ತಂದುಕೊಟ್ಟ ಮಾವನೂ ಹೇಳಿದರು. ಈಗ ಯಾರಾದರೂ ಹಾಗೆ ಅಂದರೆ ಮೆಮೊರಿ ಸ್ಟಿಕ್ ಮಾಹಿತಿಯ ಸ್ಕ್ರೀನ್ ತೆಗೆದು ಎದುರಿಗೆ ಹಿಡಿಯುತ್ತೇನೆ. 119 ಜಿಬಿ ಆಸುಪಾಸು ಬರುತ್ತದೆ. ಆಮೇಲೆ ಮಾತಿಲ್ಲ.

ಕಸ್ಟಮ್ ಫರ್ಮ್‌ವೇರ್ (ಸೋನಿಯದ್ದಲ್ಲದ ಸಿಸ್ಟಮ್ ಸಾಫ್ಟ್‌ವೇರ್) ಹಾಕುವುದು ಹೇಗೆ, ಐಎಸ್‌ಒ (ಆಟದ ಡಿಸ್ಕಿನ ಪೂರ್ತಿ ನಕಲು) ಫೋಲ್ಡರ್ ಎಲ್ಲಿ, ಇದನ್ನೆಲ್ಲ ಬರೆಯುವುದಿಲ್ಲ. ಓದುವವರಿಗೆ ಗೊತ್ತೇ ಇರುತ್ತದೆ. ನನ್ನದು ಸೋನಿಯ 6.61 ಫರ್ಮ್‌ವೇರ್, ಅದರ ಮೇಲೆ ಆರ್ಕ್-4 ಅನ್ನುವ ಕಸ್ಟಮ್ ಫರ್ಮ್‌ವೇರ್. ಅಷ್ಟು ಸಾಕು.

ಈ 32ರ ಕಥೆ ಎಲ್ಲಿಂದ ಬಂತು ಅಂತ ಒಮ್ಮೆ ನೋಡಿ. ಪಿಎಸ್‌ಪಿಯ ಸ್ಲಾಟ್‌ಗೆ ಹೋಗುವ ಮೆಮೊರಿ ಸ್ಟಿಕ್ ಪ್ರೊ ಡ್ಯುಯೋ ಅನ್ನುವುದೇ 32 ಜಿಬಿಗೆ ನಿಂತುಹೋದ ಕಾರ್ಡ್. ಅದಕ್ಕಿಂತ ದೊಡ್ಡದನ್ನು ಸೋನಿ ಮಾಡಲೇ ಇಲ್ಲ. ಇನ್ನೊಂದು ಕಡೆ ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿ 32ಕ್ಕಿಂತ ದೊಡ್ಡ ಕಾರ್ಡಿಗೆ ಫ್ಯಾಟ್32 (ಪಿಎಸ್‌ಪಿ ಓದುವ ಫಾರ್ಮ್ಯಾಟ್) ಅನ್ನುವ ಆಯ್ಕೆಯನ್ನೇ ತೋರಿಸುತ್ತಿರಲಿಲ್ಲ. ಅದು ಆ ಕಿಟಕಿಯ ಮಿತಿ, ಫ್ಯಾಟ್32ರದ್ದಲ್ಲ. ಮೂರನೆಯದಾಗಿ, 64 ಮತ್ತು ಅದಕ್ಕಿಂತ ದೊಡ್ಡ ಮೈಕ್ರೋ ಎಸ್‌ಡಿಗಳು ಪ್ಯಾಕೆಟ್‌ನಿಂದ ಬರುವಾಗಲೇ ಎಕ್ಸ್‌ಫ್ಯಾಟ್ ಅನ್ನುವ ಬೇರೆ ಫಾರ್ಮ್ಯಾಟ್‌ನಲ್ಲಿ ಇರುತ್ತವೆ. ಪಿಎಸ್‌ಪಿಗೆ ಎಕ್ಸ್‌ಫ್ಯಾಟ್ ಓದಲು ಬರುವುದಿಲ್ಲ. ಹೊಸ ಕಾರ್ಡನ್ನು ಹಾಗೆಯೇ ತುರುಕಿ, ಓದಲಿಲ್ಲ ಅಂತ ಹೊರಗೆ ತೆಗೆದು, ಸಪೋರ್ಟ್ ಇಲ್ಲ ಅಂತ ತೀರ್ಪು ಕೊಟ್ಟವರೇ ಜಾಸ್ತಿ. ಅಡಾಪ್ಟರ್ ಮೇಲೆ "32 ಜಿಬಿವರೆಗೆ" ಅಂತ ಬರೆದಿರುವುದನ್ನೂ ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಎಸ್‌ಡಿಎಚ್‌ಸಿ (32 ಜಿಬಿವರೆಗಿನವು) ಮತ್ತು ಎಸ್‌ಡಿಎಕ್ಸ್‌ಸಿ (ಅದಕ್ಕಿಂತ ದೊಡ್ಡವು) ಕಾರ್ಡುಗಳು ವಿಳಾಸ ಲೆಕ್ಕ ಹಾಕುವ ರೀತಿ ಒಂದೇ. ಹಳೇ ಅಡಾಪ್ಟರ್‌ಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಅಷ್ಟೇ.

ಹಾಗಾದರೆ ತೊಂದರೆ ಎಲ್ಲಿ? ಅಡಾಪ್ಟರ್‌ನಲ್ಲಿ. ನನ್ನ ದುಡ್ಡು ಹೋದದ್ದೂ ಅಲ್ಲೇ.

ಶುರುವಿನಲ್ಲಿ ಎಲ್ಲರ ಹಾಗೆ ನಾನೂ ಎರಡು ಕಾರ್ಡ್ ಹಾಕುವ ಅಡಾಪ್ಟರ್ ತರಿಸಿದ್ದೆ. ಅಡಾಪ್ಟರ್‌ಗೆ ಸುಮಾರು 350, ಎರಡು 32 ಜಿಬಿ ಕಾರ್ಡಿಗೆ ಒಂದು 800 ಚಿಲ್ಲರೆ. 64 ತೋರಿಸಿತು, ಆಟ ಓಡಿತು, ಖುಷಿಯೂ ಆಯಿತು. ಆದರೆ ಅದು ಫೈಲನ್ನು ಎರಡೂ ಕಾರ್ಡಿಗೆ ತುಂಡು ತುಂಡಾಗಿ ಹಂಚಿ ಬರೆಯುತ್ತದೆ. ಇಬ್ಬರು ಭಾಗವತರು ಒಂದೇ ಪದ್ಯವನ್ನು ಅಕ್ಷರ ಬಿಟ್ಟು ಅಕ್ಷರ ಹಾಡಿದ ಹಾಗೆ. ಒಬ್ಬರಿಗೆ ಗಂಟಲು ಕಟ್ಟಿದರೆ ಪದ್ಯವೇ ಇಲ್ಲ. ನನಗೆ ಆದದ್ದು ಅದೇ. ಒಂದು ಕಾರ್ಡ್ ಕೈಕೊಟ್ಟಿತು, ಇನ್ನೊಂದು ಚೆನ್ನಾಗಿಯೇ ಇತ್ತು, ಆದರೆ ಅದರಿಂದ ಒಂದು ಫೈಲನ್ನೂ ಹೊರಗೆ ತೆಗೆಯಲು ಆಗಲಿಲ್ಲ. ಅದೂ ಹೋಗಲಿ, ಎರಡು ಕಾರ್ಡಿನ ಅಡಾಪ್ಟರ್‌ನ ದೊಡ್ಡ ಕಿರಿಕಿರಿ ಬೇರೆ ಇದೆ. ಕಾರ್ಡನ್ನು ತೆಗೆದು ಕಂಪ್ಯೂಟರಿಗೆ ನೇರ ಹಾಕುವ ಹಾಗಿಲ್ಲ. ಎಲ್ಲವನ್ನೂ ಪಿಎಸ್‌ಪಿಯ ಯುಎಸ್‌ಬಿಯಿಂದಲೇ ತುಂಬಿಸಬೇಕು. ಐವತ್ತು ಅರವತ್ತು ಜಿಬಿ ತುಂಬಿಸಲು ಇಡೀ ರಾತ್ರಿ ಬೇಕು, ಮಧ್ಯೆ ಕೇಬಲ್ ಸ್ವಲ್ಪ ಅಲ್ಲಾಡಿದರೆ ಬೆಳಿಗ್ಗೆ ಎದ್ದು ಮತ್ತೆ ಮೊದಲಿನಿಂದ.

ಆದ್ದರಿಂದ ಒಂಟಿ ಕಾರ್ಡಿನ ಅಡಾಪ್ಟರ್ ಅಂತ ಗಟ್ಟಿ ಮಾಡಿಕೊಂಡೆ. ಮೈಕ್ರೋ ಎಸ್‌ಡಿಯನ್ನು ತೆಗೆದು ರೀಡರ್‌ಗೆ ಹಾಕಿದರೆ ತುಂಬಿಸುವ ಕೆಲಸ ಸರಸರ ಮುಗಿಯುತ್ತದೆ.

ಇದರಲ್ಲಿ ಅಗ್ಗದ ಅಡಾಪ್ಟರ್‌ಗಳ ಗೋಳು ಹೇಳಿ ಮುಗಿಯದು. ನೂರು ನೂರೈವತ್ತಕ್ಕೆ ಸಿಗುತ್ತವೆ ಅಂತ ಒಂದು ಹಿಡಿ ತರಿಸಿದ್ದೆ. ಒಂದು ಸ್ಲಾಟ್‌ಗೆ ಬಿಗಿಯಾಗಿ ಕೂತು ಹೊರಗೆ ಬರಲೇ ಇಲ್ಲ, ಹಿಂದಿನ ಸ್ಕ್ರೂ ಬಿಚ್ಚಿ ತೆಗೆಯಬೇಕಾಯಿತು. ಮೆಮೊರಿ ಸ್ಟಿಕ್ ಡ್ಯುಯೋ 1.6 ಮಿಲಿಮೀಟರ್ ದಪ್ಪ ಇರಬೇಕು. ಇವು ಕೆಲವು ಅದಕ್ಕಿಂತ ಉಬ್ಬಿರುತ್ತವೆ. ಕಾರ್ಡ್ ಹಾಕಿದ ಮೇಲೆ ಇನ್ನೂ ಸ್ವಲ್ಪ ಉಬ್ಬುತ್ತವೆ. ಇನ್ನೊಂದರಲ್ಲಿ ಉಲ್ಟಾ ಸಮಸ್ಯೆ, ಒಳಗೆ ಕಾರ್ಡ್ ಸಡಿಲ. ಆಟದ ಮಧ್ಯೆ ಪಿಎಸ್‌ಪಿಯನ್ನು ಸ್ವಲ್ಪ ಜೋರಾಗಿ ಹಿಡಿದರೆ ಸಾಕು, ಕಾರ್ಡ್ ಓದುವಾಗ ಮಿನುಗುವ ಕಿತ್ತಳೆ ದೀಪ ಆರಿ ಎಲ್ಲ ನಿಂತುಹೋಗುತ್ತಿತ್ತು. ಸ್ಲೀಪ್‌ನಿಂದ ಎಬ್ಬಿಸಿದಾಗ ಮೆಮೊರಿ ಸ್ಟಿಕ್ ಇಲ್ಲ ಅನ್ನುವುದೂ ಇದೇ ಸಡಿಲದಿಂದ. ಜನ ಇದನ್ನು ನೋಡಿ "128 ತಡೆಯುದಿಲ್ಲ" ಅನ್ನುತ್ತಾರೆ. ಅದೇ ಅಡಾಪ್ಟರ್‌ಗೆ 16 ಜಿಬಿ ಹಾಕಿ ನೋಡಿದೆ, ಅದಕ್ಕೂ ಹಾಗೇ ಆಯಿತು. ಸೈಜ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಸಡಿಲ ಇರುವುದಕ್ಕೆ ನಾನು ಮಾಡಿದ್ದು ಇಷ್ಟು. ಕಾಂಟ್ಯಾಕ್ಟ್‌ಗಳನ್ನು ಪೆನ್ಸಿಲ್ ರಬ್ಬರ್‌ನಿಂದ ತಿಕ್ಕಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಕಾರ್ಡಿನ ಬೆನ್ನಿಗೆ ಕ್ಯಾಪ್ಟಾನ್ ಟೇಪಿನ ಸಣ್ಣ ಪಟ್ಟಿ ಹಚ್ಚಿದೆ. ಫೋನ್ ರಿಪೇರಿಯವರ ಹತ್ತಿರ ಇರುವ ಆ ಹಳದಿ ಟೇಪ್. ಕಾರ್ಡ್ ಪಿನ್‌ಗಳಿಗೆ ಒತ್ತಿ ಕೂರುತ್ತದೆ. ಎಷ್ಟು ಪದರ, ಯಾವ ಮೂಲೆಯಲ್ಲಿ ಅಂತ ಹೇಳುವುದಿಲ್ಲ, ಬೇಜಾರು ಮಾಡ್ಕೊಬೇಡಿ. ವಾರಕ್ಕೆ ಒಂದೆರಡು ಪಿಎಸ್‌ಪಿ ನನ್ನ ಟೇಬಲ್ಲಿಗೆ ಬರುವುದೇ ಅದಕ್ಕೋಸ್ಕರ. ಗಲ್ಫ್‌ನಿಂದ ಬಂದು ಕಪಾಟಿನಲ್ಲಿ ಮಲಗಿದ ಪಿಎಸ್‌ಪಿಗಳು ಈ ಊರಲ್ಲಿ ಎಷ್ಟಿವೆ ಅಂತ ನಿಮಗೆ ಗೊತ್ತಿಲ್ಲ.

ಈಗ ಕಾರ್ಡಿನ ವಿಷಯ. 450 ರೂಪಾಯಿಗೆ 128 ಜಿಬಿ ಅಂತ ಆನ್‌ಲೈನ್‌ನಲ್ಲಿ ಒಂದು ಬಂತು. ನಕಲಿ ಅಂತ ಅನುಮಾನ ಇದ್ದೇ ಇತ್ತು, ಆದರೂ ನೋಡುವ ಕುತೂಹಲ. ಕಾರ್ಡಿಗೆ ಪೂರ್ತಿ ಬರೆದು ಓದಿ ನೋಡುವ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪ್ರೋಗ್ರಾಂ ಓಡಿಸಿದರೆ ಹದಿನಾಲ್ಕು ಜಿಬಿವರೆಗೆ ಸರಿ, ಆಮೇಲೆ ಬರೆದದ್ದೆಲ್ಲ ಗಾಳಿಗೆ. ಪಿಎಸ್‌ಪಿಯಲ್ಲಿ ಅದು 119 ಅಂತಲೇ ತೋರಿಸುತ್ತದೆ, ಮೊದಲ ಹತ್ತು ಹನ್ನೆರಡು ಆಟ ಚೆನ್ನಾಗಿ ಓಡುತ್ತವೆ ಕೂಡ. ಪಿಎಸ್‌ಪಿಗೆ ದೊಡ್ಡ ಕಾರ್ಡ್ ಆಗುವುದಿಲ್ಲ ಅನ್ನುವ ಅರ್ಧ ದೂರು ಇಂಥ ಕಾರ್ಡುಗಳಿಂದಲೇ ಹುಟ್ಟಿದ್ದು ಅಂತ ನನ್ನ ಅಂದಾಜು. ದುಡ್ಡು ವಾಪಸ್ ಬರಲು ತಿಂಗಳ ಹತ್ತಿರ ಹಿಡಿಯಿತು. ಲಿನಕ್ಸ್ ಇರುವವರಿಗೆ ಎಫ್3 ಉಂಟು, ಕೆಲಸ ಒಂದೇ. ಸಂಜೆ ಟೆಸ್ಟ್ ಹಚ್ಚಿ ಮಲಗಿ, ಬೆಳಿಗ್ಗೆ ನೋಡಿ. ಟೆಸ್ಟ್ ಮಾಡದ ಕಾರ್ಡನ್ನು ನಾನು ಯಾರ ಪಿಎಸ್‌ಪಿಗೂ ಹಾಕಿಕೊಡುವುದಿಲ್ಲ.

ಆಮೇಲೆ ಬಿಲ್ ಸಮೇತ ಒಳ್ಳೆ ಕಂಪನಿಯದು ತಗೊಂಡೆ, ಸಾವಿರದ ಆಚೆ ಈಚೆ. ಜಾಸ್ತಿ ವೇಗದ್ದು ಬೇಡ. ಪಿಎಸ್‌ಪಿಯ ಸ್ಲಾಟೇ ನಿಧಾನ, ಕಾರ್ಡಿನ ವೇಗಕ್ಕೆ ಕೊಟ್ಟ ದುಡ್ಡು ಅಲ್ಲಿ ಕಾಣುವುದೇ ಇಲ್ಲ. ಸಾಮಾನ್ಯ ಕ್ಲಾಸ್ 10 ಸಾಕು.

ಫಾರ್ಮ್ಯಾಟ್ ಮೊದಲು ಪಿಎಸ್‌ಪಿಯಲ್ಲೇ ಮಾಡಿದೆ. ಆಯಿತು, ಒಂದು ಮಾತಿಲ್ಲದೆ. ಆದರೆ ಆನ್ ಮಾಡಿ ಗೇಮ್ ಮೆನುಗೆ ಬಂದರೆ ದೀಪ ಮಿನುಗುತ್ತಲೇ ಇರುತ್ತದೆ, ಕೈ ಕಟ್ಟಿ ಕಾಯಬೇಕು. ಖಾಲಿ ಜಾಗ ಎಷ್ಟಿದೆ ಅಂತ ಲೆಕ್ಕ ಹಾಕಲು ಅದು ಇಡೀ ಫ್ಯಾಟ್ ಪಟ್ಟಿಯನ್ನು, ಅಂದರೆ ಕಾರ್ಡಿನ ಯಾವ ತುಂಡು (ಕ್ಲಸ್ಟರ್) ತುಂಬಿದೆ, ಯಾವುದು ಖಾಲಿ ಅನ್ನುವ ಪಟ್ಟಿಯನ್ನು, ಓದುತ್ತದೆ. 128 ಜಿಬಿಗೆ 32 ಕೆಬಿ ಕ್ಲಸ್ಟರ್ ಇಟ್ಟರೆ ಹತ್ತಿರ ಹತ್ತಿರ 40 ಲಕ್ಷ ಕ್ಲಸ್ಟರ್, ಒಂದೊಂದಕ್ಕೆ 4 ಬೈಟ್, ಅಂದರೆ ಪಟ್ಟಿಯೇ 15 ಎಂಬಿ ದಾಟುತ್ತದೆ. ಕಂಪ್ಯೂಟರ್‌ನಲ್ಲಿ 64 ಕೆಬಿ ಕ್ಲಸ್ಟರ್ ಇಟ್ಟು ಮತ್ತೆ ಫ್ಯಾಟ್32 ಮಾಡಿದೆ. ಪಟ್ಟಿ ಅರ್ಧ ಆಯಿತು, ಕಾಯುವುದೂ ಸುಮಾರು ಅರ್ಧ ಆಯಿತು. ಮೊದಲು ಇಪ್ಪತ್ತು ಸೆಕೆಂಡ್ ಹತ್ತಿರ ಇತ್ತು, ಈಗ ಹತ್ತರ ಆಸುಪಾಸು. ಅದೂ ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಮಾತ್ರ. ನಾನು ಸ್ಲೀಪ್‌ನಲ್ಲೇ ಇಡುತ್ತೇನೆ, ಕಾಯುವ ಮಾತೇ ಇಲ್ಲ. ಹಳೇ ಕಾರ್ಡಿನಿಂದ ಎಲ್ಲ ಫೋಲ್ಡರ್ ಹೊಸದಕ್ಕೆ ಎತ್ತಿ ಹಾಕುವಾಗ ಆರ್ಕ್‌ನ ಫೋಲ್ಡರ್ ಸೇವ್‌ಡೇಟಾ ಒಳಗೆ ಇರುತ್ತದೆ ಅನ್ನುವುದು ನೆನಪಿರಲಿ. ಸೇವ್ ಬೇಡ ಅಂತ ಅದನ್ನು ಬಿಟ್ಟವರು ಆಮೇಲೆ ನನಗೆ ಫೋನ್ ಮಾಡುತ್ತಾರೆ.

ಆಟಗಳನ್ನು ತುಂಬಿಸುವಾಗ ನನ್ನ ಹತ್ತಿರ ಇದ್ದ ಯುಎಂಡಿಗಳನ್ನೇ (ಪಿಎಸ್‌ಪಿ ಆಟದ ಸಣ್ಣ ಡಿಸ್ಕ್‌ಗಳು) ಮೊದಲು ತೆಗೆದೆ. ಕಸ್ಟಮ್ ಫರ್ಮ್‌ವೇರ್‌ನ ಮೆನುವಿನಲ್ಲಿ ಯುಎಸ್‌ಬಿ ಡಿವೈಸ್ ಅನ್ನು ಯುಎಂಡಿ ಅಂತ ಬದಲಾಯಿಸಿದರೆ ಕಂಪ್ಯೂಟರ್‌ಗೆ ಐಎಸ್‌ಒ ಆಗಿಯೇ ಕಾಣುತ್ತದೆ, ಎಳೆದು ಹಾಕುವುದಷ್ಟೇ. ಇದನ್ನು ತಡ ಮಾಡಬೇಡಿ. ನಮ್ಮ ಕಡೆಯ ಹವೆಗೆ ಯುಎಂಡಿಯ ಮೇಲೆ ಬೂಷ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಚಿಪ್ಪು ಎರಡು ಹೋಳಾಗಿ ಬಿಟ್ಟುಕೊಳ್ಳುತ್ತದೆ. ನಮ್ಮ ದೇಶದಲ್ಲೇ ತಯಾರಾದ ದೇಸಿ ಅಡ್ಡಾ ಅನ್ನುವ ಆಟ, ಕಬಡ್ಡಿ ಮತ್ತು ಚಿನ್ನಿದಾಂಡು ಇರುವುದು, ನನ್ನ ಡಿಸ್ಕ್‌ನಲ್ಲಿ ಅಂಟು ಬಿಟ್ಟು ಅಲ್ಲಾಡುತ್ತಿತ್ತು. ಫೆವಿಕ್ವಿಕ್ ಹಾಕಿ ಹೇಗೋ ಒಂದು ಸಲ ಓದಿಸಿಕೊಂಡೆ.

ಜಾಗ ಉಳಿಸಲು ಐಎಸ್‌ಒವನ್ನು ಕುಗ್ಗಿಸಿ ಸಿಎಸ್‌ಒ ಮಾಡುವ ಪ್ರಯೋಗವೂ ಒಂದಷ್ಟು ಕಾಲ ನಡೆಯಿತು. ಕೆಲವು ಆಟ ಮೂರನೇ ಒಂದು ಪಾಲು ಸಣ್ಣದಾಯಿತು, ಕೆಲವು ಹಾಗೇ ಇದ್ದವು. ಆದರೆ ವೀಡಿಯೊ ಬರುವ ಕಡೆ ತಡವರಿಸುತ್ತದೆ. 128 ಇರುವಾಗ ಈ ಜಿಪುಣತನ ಯಾಕೆ ಅಂತ ಎಲ್ಲ ತೆಗೆದು ಐಎಸ್‌ಒ ಹಾಕಿದೆ.

ಉಳಿದ ಜಾಗಕ್ಕೆ ಯಕ್ಷಗಾನ. ಆಟ ಅಂದರೆ ನಮ್ಮ ಮನೆಯಲ್ಲಿ ಅದೇ ಅಲ್ವಾ! ಇಡೀ ರಾತ್ರಿಯ ಮೇಳದ ಆಟದ ರೆಕಾರ್ಡಿಂಗ್ ನನ್ನ ಹತ್ತಿರ ತುಂಬಾ ಇವೆ. 480 ಇಂಟು 272ಕ್ಕೆ ಇಳಿಸಿ ವೀಡಿಯೊ ಫೋಲ್ಡರ್‌ಗೆ ಹಾಕಿದೆ. ಮೊದಲ ಸಲ ಬಿಟ್‌ರೇಟ್ 1500 ಕೆಬಿಪಿಎಸ್ ಇಟ್ಟಿದ್ದಕ್ಕೆ ಏಳು ಗಂಟೆಯ ಫೈಲ್ 4 ಜಿಬಿ ದಾಟಿತು. ಫ್ಯಾಟ್32 ಅಷ್ಟು ದೊಡ್ಡ ಫೈಲನ್ನು ತಗೊಳ್ಳುವುದಿಲ್ಲ. 700ಕ್ಕೆ ಇಳಿಸಿದೆ, ಎರಡು ಚಿಲ್ಲರೆ ಜಿಬಿಗೆ ಬಂತು. ಆ ಸಣ್ಣ ಸ್ಕ್ರೀನಿಗೆ ಧಾರಾಳ ಸಾಕು, ಒಡ್ಡೋಲಗದ ಬಣ್ಣವೂ ಕೆಡುವುದಿಲ್ಲ. ಶಿರಾಡಿ ಘಾಟಿಯಲ್ಲಿ ಬ್ಲಾಕ್ ಆಗಿ ನಿಂತ ಬೆಂಗಳೂರು ಬಸ್ಸಿನಲ್ಲಿ ಕೂತು ಚೆಂಡೆ ಕೇಳಿ ನೋಡಿ. ಸ್ಪೀಕರ್ ಮಾತ್ರ ಬೇಡ, ಇಯರ್‌ಫೋನ್ ಹಾಕಿ.

ಮಳೆಗಾಲದ ಬಗ್ಗೆ ಕೇಳುವವರು ಜಾಸ್ತಿ. ಜೂನ್ ಬಂದರೆ ಅಡಾಪ್ಟರ್‌ನ ಅಗ್ಗದ ಪಿನ್‌ಗಳಿಗೆ ಕಿಲುಬು ಹಿಡಿಯಲು ಶುರು. ಅಕ್ಕಿ ಡಬ್ಬದಲ್ಲಿ ಇಡಿ ಅಂತ ಎಲ್ಲರೂ ಹೇಳುತ್ತಾರೆ, ಅಕ್ಕಿಯ ಹುಡಿ ಸ್ಲಾಟ್‌ಗೆ ಹೋದರೆ ಇನ್ನೊಂದು ಕೆಲಸ. ನಾನು ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ನೀಲಿ ಹರಳಿನದು ತಗೊಳ್ಳಿ, ತೇವ ಹೀರಿದ ಮೇಲೆ ಗುಲಾಬಿ ಆಗುತ್ತದೆ. ಆಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿ. ತಿಂಗಳಿಗೊಮ್ಮೆ ಕಾರ್ಡ್ ಹೊರಗೆ ತೆಗೆದು ರಬ್ಬರ್ ತಿಕ್ಕುತ್ತೇನೆ. ಪಿನ್‌ಗೆ ಇನ್ನೊಂದು ವಸ್ತು ಸವರುತ್ತೇನೆ, ಅದು ಮನೆಯ ಗುಟ್ಟು, ಇರಲಿ.

ಒಟ್ಟು ಲೆಕ್ಕ ಹಾಕಿದರೆ ವ್ಯರ್ಥವಾದದ್ದೂ ಸೇರಿ ಮೂರು ಸಾವಿರದ ಹತ್ತಿರ ಹೋಗಿದೆ. ನಾನು ತಗೊಂಡಾಗಿನ ಬೆಲೆಯಲ್ಲಿ ನೇರ ಮಾಡಿದ್ದರೆ ಒಳ್ಳೆ ಅಡಾಪ್ಟರ್ 400, ಕಾರ್ಡ್ ಸಾವಿರ ಚಿಲ್ಲರೆ, ಅಲ್ಲಿಗೆ ಮುಗಿಯುತ್ತಿತ್ತು. ಹಳೇ ಒರಿಜಿನಲ್ 16 ಜಿಬಿ ಮೆಮೊರಿ ಸ್ಟಿಕ್‌ಗೆ ಒಬ್ಬರು ನನ್ನ ಹತ್ತಿರ ಎರಡು ಸಾವಿರ ಕೇಳಿದ್ದರು.

256 ಆಗುತ್ತದಾ ಅಂತ ಕೇಳುವವರಿಗೆ: ಆಗುತ್ತದೆ. ಗೆಳೆಯನ ಕಾರ್ಡ್ ಸಾಲ ತಂದು ಅದೇ ಅಡಾಪ್ಟರ್‌ಗೆ ಹಾಕಿದೆ, ಓದಿತು, ಬರೆಯಿತು. ಆದರೆ 64 ಕೆಬಿ ಕ್ಲಸ್ಟರ್ ಇಟ್ಟರೂ ಪಟ್ಟಿ ಮತ್ತೆ 15 ಎಂಬಿ, ಆ ಇಪ್ಪತ್ತು ಸೆಕೆಂಡ್ ವಾಪಸ್ ಬಂತು. ಅಷ್ಟು ತುಂಬಿಸುವಷ್ಟು ಆಟ ನನ್ನ ಹತ್ತಿರ ಇರಲಿಲ್ಲ, ಯಕ್ಷಗಾನ ಹಾಕಿದರೂ ಅರ್ಧ ಖಾಲಿ. ಒಂದು ವಾರ ಇಟ್ಟುಕೊಂಡು ಅವನಿಗೇ ವಾಪಸ್ ಕೊಟ್ಟೆ.