ಒಲೆಯ ಬಳಿ ದುಡಿ, ಕಾಫಿ ಸ್ಟೋರಿನಲ್ಲಿ ಗಿಟಾರ್

ನನ್ನ ಮೊದಲ ಆಲ್ಬಮ್‌ನಲ್ಲಿ ಒಂಬತ್ತು ರಚನೆಗಳಿವೆ, ಹಾಡು ಒಂದೂ ಇಲ್ಲ. ಒಂದರಲ್ಲಿ ಗಿಟಾರ್ ಮತ್ತು ದುಡಿ, ಅಂದರೆ ಕೊಡಗಿನ ಪುಟ್ಟ ಚರ್ಮವಾದ್ಯ. ಇನ್ನೊಂದರಲ್ಲಿ ಜಾಝ್ ಸ್ವರಮೇಳಗಳ ಮೇಲೆ ಮ್ಯಾಂಡೊಲಿನ್ ಮೋಹನ ರಾಗ ನುಡಿಸುತ್ತದೆ. ಮತ್ತೊಂದರಲ್ಲಿ ವಾಲಗದ ಕೆಳಗೆ ಸಿಂಥಸೈಜರ್‌ನ ಮಂದ್ರ ಹರಿಯುತ್ತದೆ. ಇಷ್ಟು ಬೇರೆ ಬೇರೆ ಜಾತಿಯವು ಒಟ್ಟಿಗೆ ಹೇಗೆ ಕೂತವು ಎಂದು ಕೇಳಿದವರಿಗೆ ನಾನು ಹೇಳುವುದು ಒಂದೇ: ಎಲ್ಲವೂ ಕೊಡಗಿನ ಚೇರಂಬಾಣೆಯ ಬಳಿ, ಒಂದೇ ಮಳೆಗಾಲದ ತೇವದಲ್ಲಿ, ಒಂದೇ ಹಂಚಿನ ಸೂರಿನ ಸುತ್ತಮುತ್ತ ಹುಟ್ಟಿದವು.

ಕೊಯ್ಲು ಮುಗಿದು ಚೀಲಗಳೆಲ್ಲ ಹೋದ ಮೇಲೆ ನಮ್ಮ ಕಾಫಿ ಸ್ಟೋರು ಜೂನ್ ಹೊತ್ತಿಗೆ ಖಾಲಿ ಇರುತ್ತದೆ. 12 ಅಡಿ ಉದ್ದ, 10 ಅಡಿ ಅಗಲ. ಗೋಡೆಗೆ ಖಾಲಿ ಗೋಣಿಚೀಲ ತೂಗುಹಾಕಿದರೆ ಪ್ರತಿಧ್ವನಿ ಅಡಗುತ್ತದೆ ಎಂದುಕೊಂಡಿದ್ದೆ. ಮೇಲಿನ ಸ್ವರಗಳೇನೋ ಅಡಗಿದವು, ಕೆಳಗಿನವು ಹಾಗೆಯೇ ಉಳಿದವು. ಗಿಟಾರ್‌ನ ಅತಿ ಮಂದ್ರ ತಂತಿಯ ಮೂರನೇ ಮನೆ (ಫ್ರೆಟ್) ಒತ್ತಿದಾಗಲೆಲ್ಲ ಕೋಣೆಯೇ ಗುಂಯ್ ಎನ್ನುತ್ತಿತ್ತು. ಆಮೇಲೆ ಲೆಕ್ಕ ಹಾಕಿದೆ. 12 ಅಡಿಯ ಕೋಣೆ 47 ಹರ್ಟ್ಜ್ ಆಸುಪಾಸಿನಲ್ಲಿಯೂ ಅದರ ಇಮ್ಮಡಿಯಾದ 94ರಲ್ಲಿಯೂ ಮೊಳಗುತ್ತದೆ. ಆ ಮನೆಯ ಸ್ವರ 98, ಅದಕ್ಕೆ ತೀರ ಹತ್ತಿರ. ತೆಳ್ಳನೆಯ ಗೋಣಿ ಅಷ್ಟು ಉದ್ದದ ಅಲೆಯನ್ನು ಹಿಡಿಯಲಾರದು. ಹಳೆಯ ಹಾಸಿಗೆಯ ಹತ್ತಿಯನ್ನು ಚೀಲಗಳಿಗೆ ತುರುಕಿ ನಾಲ್ಕೂ ಮೂಲೆಗಳಲ್ಲಿ ಸೂರಿನ ತನಕ ಪೇರಿಸಿದ ಮೇಲೆ ಗುಂಯ್‌ಗುಡುವುದು ಸಾಕಷ್ಟು ಇಳಿಯಿತು. ಮನೆಯಲ್ಲಿ ಧ್ವನಿಮುದ್ರಣ ಮಾಡುವವರು ದುಬಾರಿ ಮೈಕ್ ಕೊಳ್ಳುವ ಮೊದಲು ಮೂಲೆಗಳನ್ನು ತುಂಬಿಸಲಿ ಎಂದು ಕಳಕಳಿಯಿಂದ ಹೇಳುತ್ತೇನೆ.

ಮಳೆಗಾಲದಲ್ಲಿ ಕರೆಂಟಿನ ನಂಬಿಕೆ ಇಲ್ಲ. ಇನ್ವರ್ಟರ್ ಹಚ್ಚಿದರೆ ಅದರ ಗುನುಗು ಧ್ವನಿಯೊಳಗೆ ನುಸುಳುತ್ತಿತ್ತು. ಹಾಗಾಗಿ ಎಲ್ಲವನ್ನೂ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಮಾಡಿದೆ.

ದುಡಿಯ ಕಥೆ ಬೇರೆ. ಹುತ್ತರಿ ಸುಗ್ಗಿಹಬ್ಬದಲ್ಲಿ, ಮದುವೆ ಮನೆಗಳಲ್ಲಿ ಬಾಳೊಪಾಟ್ ಎಂಬ ಕೊಡವ ಹಾಡುಗಳನ್ನು ಹಾಡುವವರ ಕೈಯಲ್ಲಿ ಅದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಮೈಕಿನ ಮುಂದೆ ಇಟ್ಟಾಗಲೇ ಅದು ಎಷ್ಟು ಸೂಕ್ಷ್ಮ ಎಂದು ತಿಳಿದದ್ದು. ಪಕ್ಕದ ಊರಿನ ಹಿರಿಯರೊಬ್ಬರು ನುಡಿಸಲು ಒಪ್ಪಿ ಬಂದರು. ಬಂದವರೇ ಸ್ಟೋರಿಗೆ ಕಾಲಿಡದೆ ನೇರ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕುಳಿತರು. ದುಡಿಯ ಒಂದು ಮುಖವನ್ನು ಕೆಂಡದ ಕಡೆ ಹಿಡಿಯುವುದು, ತಿರುಗಿಸುವುದು, ಬೆರಳಿನಿಂದ ಮೆಲ್ಲಗೆ ತಟ್ಟಿ ಕಿವಿಗೊಡುವುದು. ಮೊದಲು ‘ದಬ್’ ಎನ್ನುತ್ತಿದ್ದ ಚರ್ಮ ಹತ್ತು ನಿಮಿಷದಲ್ಲಿ ‘ಟಣ್’ ಎಂದಿತು.

“ಬೇಗ ಬನ್ನಿ ಅಜ್ಜ, ಎಲ್ಲ ಸಿದ್ಧ ಇದೆ” ಎಂದೆ.

“ನೀನು ಸಿದ್ಧ ಇದ್ದೀಯ. ಇದು ಇನ್ನೂ ಆಗಿಲ್ಲ” ಎಂದರು.

ಅಷ್ಟು ಮಾಡಿದರೂ ತೇವದ ಗಾಳಿಯಲ್ಲಿ ಆ ಶ್ರುತಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ನಾನು ಕಿವಿಗೆ ಹಾಕಿಕೊಟ್ಟ ತಾಳದ ಟಿಕ್‌ಟಿಕ್ ಅವರಿಗೆ ಒಗ್ಗಲಿಲ್ಲ. ಉತ್ಸಾಹ ಬಂದಲ್ಲಿ ಅವರ ಕೈ ತುಸು ಮುಂದೆ ಓಡುತ್ತಿತ್ತು, ಬಾಳೊಪಾಟ್ ಹಾಡುವವರು ಉಸಿರು ತೆಗೆದುಕೊಳ್ಳುವಂಥ ಜಾಗದಲ್ಲಿ ತಾನಾಗಿ ನಿಧಾನವಾಗುತ್ತಿತ್ತು. ಎರಡು ದಿನ ಕಂಪ್ಯೂಟರಿನಲ್ಲಿ ಒಂದೊಂದು ಪೆಟ್ಟನ್ನೂ ಎಳೆದು ಗೆರೆಗೆ ಕೂರಿಸಿದೆ. ಕೇಳಿದರೆ ಜೀವವೇ ಇಲ್ಲ. ಎಲ್ಲವನ್ನೂ ಅಳಿಸಿ, ಟಿಕ್‌ಟಿಕ್ ತೆಗೆದು, ಅಜ್ಜನಿಗೆ ಎದುರಾಗಿ ಕುಳಿತು ಅವರ ಮಣಿಕಟ್ಟನ್ನೇ ನೋಡುತ್ತಾ ಗಿಟಾರ್ ನುಡಿಸಿದೆ. ಆಲ್ಬಮ್‌ಗೆ ದಾರಿ ಸಿಕ್ಕಿದ್ದು ಆ ಮಧ್ಯಾಹ್ನ. ಮ್ಯಾಂಡೊಲಿನ್ ರಚನೆಯನ್ನೂ ಆಮೇಲೆ ಟಿಕ್‌ಟಿಕ್ ಇಲ್ಲದೆ ಮತ್ತೆ ನುಡಿಸಿದೆ.

ವಾಲಗ ಬಯಲಿನ ವಾದ್ಯ. ಅದನ್ನು ಕೋಣೆಗೆ ತುರುಕುವುದು ಅನ್ಯಾಯ. ಮಳೆ ಬಿಟ್ಟ ಒಂದು ಬೆಳಿಗ್ಗೆ ಕಾಫಿ ಒಣಗಿಸುವ ಕಣದಲ್ಲಿ ನಾಲ್ವರನ್ನು ನಿಲ್ಲಿಸಿ, ಒಂದು ಮೈಕನ್ನು ಹತ್ತಿರ, ಇನ್ನೊಂದನ್ನು 15 ಅಡಿ ದೂರ ಇಟ್ಟೆ. ಶಬ್ದ ಆ ದೂರ ಸಾಗಲು ಸುಮಾರು 13 ಮಿಲಿಸೆಕೆಂಡ್ ಬೇಕು. ಆ ಅಂತರವನ್ನು ಸರಿಪಡಿಸದೆ ಉಳಿಸಿಕೊಂಡೆ, ಕಣದ ಅಗಲ ಕೇಳಿಸುವುದು ಅದರಲ್ಲೇ. ಅವರ ಶ್ರುತಿ ನನ್ನ ಹಾರ್ಮೋನಿಯಂಗಿಂತ ಹೆಚ್ಚುಕಡಿಮೆ ಅರ್ಧದ ಅರ್ಧ ಸ್ವರ ಮೇಲಿತ್ತು. ಹಾರ್ಮೋನಿಯಂ ಬದಿಗಿಟ್ಟು ಸಿಂಥಸೈಜರನ್ನು ಅವರ ಶ್ರುತಿಗೆ ಏರಿಸಿದೆ. ಮದುವೆಯ ಒಂದು ದಿನಕ್ಕೆ ಅವರು ಪಡೆಯುವ ಸಂಭಾವನೆಯನ್ನೇ ಮೊದಲು ಕೊಟ್ಟು, ಗಳಿಕೆ ಬಂದರೆ ಪಾಲೆಷ್ಟು ಎಂದು ಕನ್ನಡದಲ್ಲಿ ಬರೆದು ಸಹಿ ಹಾಕಿಕೊಟ್ಟಿದ್ದೇನೆ. ಜನಪದ ವಾದ್ಯ ಬಳಸುವವರು ಇದನ್ನು ಮರೆಯಲೇಬಾರದು. ಎಷ್ಟೋ ಮುದ್ರಿಕೆಗಳಲ್ಲಿ ನುಡಿಸಿದವರ ಹೆಸರೇ ಇರುವುದಿಲ್ಲ.

ಬಿಡುಗಡೆ ಮಾಡುವಾಗ ‘ಪ್ರಕಾರ ಯಾವುದು’ ಎಂಬ ಕಾಲಂನಲ್ಲಿ ಒಂದನ್ನೇ ಆರಿಸಬೇಕಿತ್ತು. ವಾದ್ಯಸಂಗೀತ ಎಂದು ತುಂಬಿದೆ. ಕೇಳುಗರು ಇನ್ನೂ ಬೆರಳೆಣಿಕೆಯಷ್ಟೇ. ದುಬೈಯಲ್ಲಿರುವ ವಿರಾಜಪೇಟೆಯವರೊಬ್ಬರು ಮಳೆಯ ಸದ್ದಿರುವ ಆರನೆಯ ರಚನೆಯನ್ನು ರಾತ್ರಿ ಹಾಕಿಕೊಂಡು ಮಲಗುತ್ತೇನೆ ಎಂದು ಬರೆದಿದ್ದರು. ಆ ಪತ್ರವನ್ನು ಎತ್ತಿಟ್ಟುಕೊಂಡಿದ್ದೇನೆ.

ಮುಗಿದ ಆಲ್ಬಮ್‌ನೊಂದಿಗೆ ಅಜ್ಜನ ಮನೆಗೆ ಹೋದೆ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತರು. ಎರಡನೆಯ ರಚನೆಯ ಕೊನೆಯಲ್ಲಿ ಥಟ್ಟನೆ ಬೆರಳೆತ್ತಿದರು.

“ಇಲ್ಲಿ ಚರ್ಮ ತಣ್ಣಗಾಗಿದೆ.”

ಮತ್ತೆ ನುಡಿಸಿ ಕೇಳಿದೆ. ನಿಜ, ದುಡಿ ಕೂದಲೆಳೆಯಷ್ಟು ಕೆಳಗಿಳಿದಿತ್ತು. ತಿಂಗಳುಗಟ್ಟಲೆ ಕೇಳಿದ್ದ ನನ್ನ ಕಿವಿಗೆ ಅದು ಬಿದ್ದೇ ಇರಲಿಲ್ಲ. ತೆಗೆಯಲೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿ, ಆ ಜಾಗವನ್ನು ಇನ್ನೊಮ್ಮೆ ಹಾಕು ಎಂದರು.